ಸೆಂಟಣ್ಣನ ಐದನೆಯ ಕಾಗದ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಮಣಿಪಾಲದಲ್ಲಿ ಹತ್ತು ಜನಕ್ಕೆ ಗುರುತು ಸಿಗಲಿಕ್ಕಿಲ್ಲ. ಸೆಂಟಣ್ಣ ಎಂದರೆ ಸಿಕ್ಕೀತು. ನಾವು ಅಂಗಡಿಯ ಹುಡುಗಿಯರು ಇಟ್ಟ ಹೆಸರು ಅದು, ಕೊನೆಕೊನೆಗೆ ಧನಿಗಳೂ ಹಾಗೆಯೇ ಕರೆಯುತ್ತಿದ್ದರು. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಹದಿನೈದು ದಿನ ತಡವಾಗಿ, ಅದೂ ಕಾರ್ಕಳದ ನನ್ನ ಪುಟ್ಟ ಅಂಗಡಿಗೆ ಸೆಂಟು ತಂದುಕೊಡುವ ಏಜೆಂಟನ ಬಾಯಿಂದ. "ನಿಮ್ಮ ಹಳೇ ಸೆಂಟಣ್ಣ ಹೋದರಲ್ಲ ಮೇಡಂ, ಗೊತ್ತುಂಟಲ್ಲ?" ಎಂದು ಪೆಟ್ಟಿಗೆ ಇಳಿಸುತ್ತಾ ಹೇಳಿದ. ಗೊತ್ತಿರಲಿಲ್ಲ. ಅವರ ವಿಷಯದಲ್ಲಿ ಗೊತ್ತಿರಬೇಕಾದ ಒಂದು ಸಂಗತಿಯೂ ನನಗೆ ಸಮಯಕ್ಕೆ ಸರಿಯಾಗಿ ಗೊತ್ತಾಗಲಿಲ್ಲ.

ನಾನು ಮಣಿಪಾಲದ ಆ ಫ್ಯಾನ್ಸಿ ಅಂಗಡಿಗೆ ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಓದಲು ದೂರದೂರದಿಂದ ಬಂದ ಮಕ್ಕಳು, ಗಲ್ಫಿನಿಂದ ರಜೆಗೆ ಬಂದವರು, ಮದುವೆ ಜವಳಿಗೆಂದು ಉಡುಪಿಗೆ ಇಳಿದು ಹಾಗೆಯೇ ಮಣಿಪಾಲಕ್ಕೆ ಹತ್ತಿದವರು, ಎಲ್ಲರೂ ಬರುವ ಅಂಗಡಿ. ನಾನು ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬರುವ, ಬಾಯಿ ಸ್ವಲ್ಪ ಜೋರಿನ ಹುಡುಗಿ. ನನ್ನನ್ನು ಬಳೆ, ಕ್ಲಿಪ್ಪುಗಳ ಕಡೆ ನಿಲ್ಲಿಸಿದರು. ಪಕ್ಕದ ಗಾಜಿನ ಕಪಾಟು ಸೆಂಟಣ್ಣನದ್ದು. ಆಗ ಅವರಿಗೆ ನಲವತ್ತೈದು ಇದ್ದೀತು. ತೆಳ್ಳಗಿನ ಮೈ, ಬಿಳಿಯ ಅರ್ಧ ತೋಳಿನ ಅಂಗಿ, ಮೂಗಂತೂ ತೀರಾ ಸಾಧಾರಣ, ಚಪ್ಪಟೆ.

ಸೆಂಟು ಮಾರುವವರೆಂದರೆ ಘಮಘಮ ಅನ್ನಬೇಕೆಂದು ನಾನು ಅಂದುಕೊಂಡಿದ್ದೆ. ಇವರ ಮೈಯಿಂದ ಎಂತದ್ದೂ ಬರುತ್ತಿರಲಿಲ್ಲ. ತಲೆಗೆ ಎಣ್ಣೆಯಿಲ್ಲ, ಮುಖಕ್ಕೆ ಪೌಡರಿಲ್ಲ, ಸ್ನಾನಕ್ಕೆ ಕಡಲೆಹಿಟ್ಟು. ಯಾಕೆಂದು ಕೇಳಿದ್ದಕ್ಕೆ, "ಅಳತೆಕೋಲಿಗೆ ಯಾರಾದರೂ ಬಣ್ಣ ಹಚ್ತಾರಾ ಮಾರಾಯ್ತಿ?" ಎಂದರು.

ಅವರು ಹೂಡೆಯ ಕಡೆಯವರು, ಮೀನುಗಾರರ ಮನೆ. ಅಪ್ಪ, ಅಣ್ಣಂದಿರೆಲ್ಲ ಮಲ್ಪೆಯಿಂದ ಬೋಟಿಗೆ ಹೋಗುವವರು. ಹದಿನೆಂಟರ ವಯಸ್ಸಿನಲ್ಲಿ ಇವರೂ ಹೋದರಂತೆ, ಮೂರು ಸಲ. ಮೂರು ಸಲವೂ ಇಂಜಿನ್ನಿನ ಡೀಸೆಲ್ ವಾಸನೆಗೆ ಕರುಳು ಬಾಯಿಗೆ ಬರುವಷ್ಟು ವಾಂತಿ. "ಸಮುದ್ರ ಎಂತ ಮಾಡಲಿಲ್ಲ. ಮೂಗು ಮಾಡಿದ್ದು" ಎನ್ನುತ್ತಿದ್ದರು. ಮೀನುಗಾರನ ಮಗನಿಗೆ ಬೋಟು ಆಗುವುದಿಲ್ಲ ಎಂದರೆ ಊರು ಸುಮ್ಮನಿರುತ್ತದೆಯೇ? ಮದುವೆ ಮನೆಯಲ್ಲಿ, ಕಟ್ಟೆಯಲ್ಲಿ, ಎಲ್ಲಿ ಹೋದರೂ ಅದೇ ತಮಾಷೆ. ಆಗ ಇವರಿಗೆ ಹಟ ಬಂತು. ಯಾವ ಮೂಗು ನನ್ನನ್ನು ದಡಕ್ಕೆ ಹಾಕಿತೋ ಅದೇ ಮೂಗಿನಿಂದ ಅನ್ನ ತಿನ್ನುತ್ತೇನೆ ಎಂದು ಮೊದಲು ಉಡುಪಿಯ ಊದುಬತ್ತಿ ಅಂಗಡಿಗೆ ಸೇರಿದರು, ಅಲ್ಲಿಂದ ಮಣಿಪಾಲಕ್ಕೆ. ಊರಿನೆದುರು ತಲೆಯೆತ್ತಿ ನಡೆಯಲು ಅವರಿಗೆ ಇದ್ದದ್ದು ಆ ಮೂಗೊಂದೇ.

ಅವರ ಹೆಂಡತಿ ಮೀನು ಮಾರುತ್ತಿದ್ದರು. ಬೆಳಗಾಗುವ ಮೊದಲು ಮಲ್ಪೆ ಬಂದರಿನ ಏಲಂ, ಆಮೇಲೆ ಬುಟ್ಟಿ ಹೊತ್ತು ಮನೆಮನೆಗೆ. ಒಂದು ಸಲ ನಾನು ಬಸ್ಸಿನಲ್ಲಿ ಮೀನಿನ ಬುಟ್ಟಿ ಹತ್ತಿಸಿದವರ ಬಗ್ಗೆ ಏನೋ ಹೇಳಿ ಮೂಗು ಮುಚ್ಚಿ ತೋರಿಸಿದೆ. ಸೆಂಟಣ್ಣ ಸಿಟ್ಟು ಮಾಡಲಿಲ್ಲ. "ಅದು ನಾತ ಅಲ್ಲ ಮಾರಾಯ್ತಿ, ಸುದ್ದಿ. ಯಾವ ಬೋಟಿನದ್ದು, ಎಷ್ಟು ದಿನದ ಐಸು, ಎಲ್ಲ ಹೇಳ್ತದೆ. ಓದ್ಲಿಕ್ಕೆ ಬಾರದವರು ಮೂಗು ಮುಚ್ತಾರೆ" ಎಂದರು. 

ಮಧ್ಯಾಹ್ನ ನಾವು ಬುತ್ತಿ ಬಿಚ್ಚುವ ಮೊದಲೇ ಅವರ ಓದು ಸುರುವಾಗುತ್ತಿತ್ತು. "ನಿನ್ನದು ನಿನ್ನೆಯ ಬಂಗುಡೆ ಸಾರು. ಬೆಳಿಗ್ಗೆ ಬಿಸಿ ಮಾಡುವಾಗ ಚೂರು ಅಡಿ ಹಿಡಿದಿದೆ." ನನ್ನ ಅಮ್ಮನ ಮರ್ಯಾದೆ ಹೀಗೆ ವಾರಕ್ಕೆರಡು ಸಲ ಹೋಗುತ್ತಿತ್ತು. ಮನೆಗೆ ಹೋಗಿ ಹೇಳಿದರೆ ಅಮ್ಮ, "ಅವರಿಗೆಂತ ಮಂಡೆ ಸಮ ಇಲ್ವಾ?" ಎಂದು ಬೈದು, ಮರುದಿನ ಎರಡು ತುಂಡು ಮೀನು ಅವರಿಗೂ ಕಟ್ಟಿಕೊಡುತ್ತಿದ್ದಳು.

ಗಿರಾಕಿಗಳಿಗೆ ಸೆಂಟು ಮೂಸಲು ಕೊಡುವ ಪಟ್ಟಿಗಳನ್ನು ಅವರು ಹಳೆಯ ಮದುವೆ ಕಾಗದಗಳಿಂದ ಕತ್ತರಿಸುತ್ತಿದ್ದರು. ದಪ್ಪ ಕಾಗದ, ಸೆಂಟನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ ಎಂದು. ಕೆಲವು ಪಟ್ಟಿಗಳ ತುದಿಯಲ್ಲಿ ಯಾರದೋ ಮುಹೂರ್ತ, ಇನ್ಯಾರದೋ ಗಣಪತಿಯ ಸೊಂಡಿಲು ಉಳಿದಿರುತ್ತಿತ್ತು. ಎರಡು ಸೆಂಟುಗಳ ನಡುವೆ ತಮ್ಮ ಮೊಣಕೈಯ ಒಳಭಾಗವನ್ನು ಮೂಗಿಗೆ ಹಿಡಿದು ಒಮ್ಮೆ ದೀರ್ಘವಾಗಿ ಎಳೆಯುವುದು ಅವರ ರೂಢಿ. ಅದಕ್ಕೆ ಮೂಗು ತೊಳೆಯುವುದು ಎಂದು ಹೆಸರು. "ನಮ್ಮದೇ ಮೈ ಮೂಸಿದರೆ ಮೂಗು ಮನೆಗೆ ಬರ್ತದೆ. ಮನೆಯಿಂದ ಮತ್ತೆ ಹೊರಡಬಹುದು."

ಧನಿಗಳಿಗೆ ಹೊಸತರ ಹುಚ್ಚು. ಹೊರದೇಶದಲ್ಲಿ ವರ್ಷಕ್ಕೊಂದು ದಿನ ಸುಗಂಧಕ್ಕೆಂದೇ ಇಟ್ಟಿದ್ದಾರೆ ಎಂದು ಕಂಪೆನಿಯ ಏಜೆಂಟ ಹೇಳಿದ್ದೇ ತಡ, ಮುಂದಿನ ಮಾರ್ಚಿನಿಂದ ನಮ್ಮಲ್ಲೂ ಸುಗಂಧ ದಿನ ಸುರುವಾಯಿತು. ಬಾಗಿಲಲ್ಲಿ ಕಲ್ಯಾಣಮಂಟಪದಿಂದ ಎರವಲು ತಂದ ಪನ್ನೀರುದಾನಿ, ಕೌಂಟರಿನ ಮೇಲೆ ಶಂಕರಪುರ ಮಲ್ಲಿಗೆ, ಬಂದವರ ಕೈಗೆಲ್ಲ ಒಂದೊಂದು ತೊಟ್ಟು ಅತ್ತರು. ಸಂಜೆ ಐದಕ್ಕೆ ಮುಖ್ಯ ಕಾರ್ಯಕ್ರಮ. ಕಣ್ಣಿಗೆ ಶಾಲು ಕಟ್ಟಿ ಹತ್ತು ಪಟ್ಟಿ ಮೂಸಿಸುವುದು, ಹೆಸರು ಹೇಳುವುದು. ಗಿರಾಕಿಗಳು ಮೂರು ನಾಲ್ಕಕ್ಕೇ ಸೋತು ನಗುತ್ತಿದ್ದರು. ಕೊನೆಗೆ ಸೆಂಟಣ್ಣ.

ಮೊದಲ ವರ್ಷ ಪಟ್ಟಿ ಹಚ್ಚುವ ಕೆಲಸ ನನ್ನದೇ. ಬೇಕೆಂದೇ ಕ್ರಮ ಕಲಸಿ ಇಟ್ಟಿದ್ದೆ. ಹತ್ತಕ್ಕೆ ಹತ್ತನ್ನೂ ಹೇಳಿದರು. ಮೆಡಿಕಲ್ ಓದುವ ಹುಡುಗನೊಬ್ಬ ಪರೀಕ್ಷೆ ಮಾಡಲೆಂದು ಕೌಂಟರಿನ ಮಲ್ಲಿಗೆಯನ್ನೇ ಮೂಗಿನ ಹತ್ತಿರ ಹಿಡಿದ. "ಶಂಕರಪುರದ್ದು. ಇವತ್ತಿನದ್ದೇ" ಎಂದ ಸೆಂಟಣ್ಣ ಒಂದು ಗಳಿಗೆ ತಡೆದು, "ಇದು ಬಂದ ಬಸ್ಸಿನಲ್ಲಿ ಮೀನಿನ ಬುಟ್ಟಿಯೂ ಇತ್ತು" ಎಂದರು. ಹೂ ತಂದವಳು ಹೌದೆಂದು ಒಪ್ಪಿಕೊಂಡಾಗ ಇಡೀ ಅಂಗಡಿ ಚಪ್ಪಾಳೆ ಹೊಡೆಯಿತು. ಆ ದಿನ ಅವರು ಹೆಂಡತಿಗೆಂದು ಸಣ್ಣ ಕುಪ್ಪಿಯಲ್ಲಿ ಮಲ್ಲಿಗೆ ಅತ್ತರು ಕೊಂಡುಹೋದರು. ಹೋಗುವಾಗ ನನಗೆ ಹೇಳಿದರು, "ನಿನಗೂ ಮೂಗುಂಟು ಮಾರಾಯ್ತಿ. ತೆರೆಸಿ ಕೊಡ್ತೇನೆ. ಎರಡು ವರ್ಷದಲ್ಲಿ ನನ್ನ ಜಾಗದಲ್ಲಿ ನೀನೇ ನಿಲ್ಲುವೆ."

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಬಳೆ ತೊಡಿಸುತ್ತಾ ಜೀವನ ಮುಗಿಸಲು ನನಗೆ ಮನಸ್ಸಿರಲಿಲ್ಲ.

ಎರಡನೆಯ ಸುಗಂಧ ದಿನವೂ ಹಾಗೆಯೇ ಕಳೆಯಿತು. ಆ ಮಳೆಗಾಲದಲ್ಲಿ ಅವರು ಮಲ್ಪೆಯಲ್ಲಿ ಬೋಟು ಕಟ್ಟುವ ಧಕ್ಕೆಯ ಮೇಲೆ ಜಾರಿ ಬಿದ್ದರು. ಹೆಂಡತಿಯ ಬುಟ್ಟಿ ಎತ್ತಿಕೊಡಲು ಹೋಗಿದ್ದರಂತೆ. ಹಿಂದಲೆಗೆ ಪೆಟ್ಟು, ಏಳು ಹೊಲಿಗೆ. ಮೂರು ವಾರದಲ್ಲಿ ತಿರುಗಿ ಬಂದರು. ಗಾಯ ಮಾಸಿತ್ತು, ಕೂದಲು ಬರುತ್ತಿತ್ತು, ಎಲ್ಲ ಸರಿಯಾಯಿತು ಎಂದು ನಾವು ತಿಳಿದುಕೊಂಡೆವು.

ಸರಿಯಾಗಿರಲಿಲ್ಲ. ಈಗ ನೆನೆದರೆ ಒಂದೊಂದೂ ಕಣ್ಣೆದುರಿಗೇ ಇತ್ತು. ಬುತ್ತಿಯ ಓದು ನಿಂತಿತು. ಅಮ್ಮನ ಸಾರಿನ ಬಗ್ಗೆ ಒಂದು ಮಾತಿಲ್ಲ. ನಾನೇ, "ಇವತ್ತು ಎಂತ ಹೇಳಿ ನೋಡುವ" ಎಂದರೆ, "ಪಾಪ, ದಿನಾ ನಿನ್ನ ಅಮ್ಮನನ್ನು ಬೈಯುವುದು ಬೇಡ" ಎಂದು ಜಾರಿಕೊಳ್ಳುತ್ತಿದ್ದರು. ಹೊಸ ಸೆಂಟು ಬಂದರೆ ಮುಚ್ಚಳ ತೆಗೆದು ಮೊದಲು ನನ್ನ ಕೈಗೇ ಕೊಡುವುದು. "ನಿನಗೆ ಎಂತ ಅನ್ನಿಸ್ತದೆ? ಸುರುವಿಗೆ ಎಂತ ಬಂತು? ಈಗ ಎಂತ ಉಂಟು? ಭಾರವಾ, ಹಗುರವಾ?" ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅರ್ಧ ಗಂಟೆಯ ನಂತರ ಗಿರಾಕಿಗೆ ಅದೇ ಮಾತು ಹೇಳಿ ಮಾರುತ್ತಿದ್ದರು. ಮೊಣಕೈ ಮೂಸುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಇವರು ನನ್ನ ಮಾತು ಕದಿಯುತ್ತಾರೆ ಎಂದು ನನಗೆ ಉರಿಯುತ್ತಿತ್ತು. ಕಲಿಸುತ್ತೇನೆ ಎಂದವರು ಏನೂ ಕಲಿಸುತ್ತಿಲ್ಲ, ಬರೀ ಕೇಳುತ್ತಾರೆ.

ಒಂದು ಸಂಜೆ ಅಂಗಡಿ ತುಂಬ ಜನ. ಮದುವೆ ಜವಳಿಗೆ ಬಂದ ಹೆಂಗಸೊಬ್ಬರು ಗುಲಾಬಿ ಅತ್ತರು ಕೇಳಿದರು. ಕುಪ್ಪಿಯ ಚೀಟಿ ಕಿತ್ತು ಹೋಗಿತ್ತೋ ಏನೋ, ಸೆಂಟಣ್ಣ ಪಕ್ಕದ ಲಾವಂಚದ ಕುಪ್ಪಿಯನ್ನು ತೆಗೆದು ಹಚ್ಚಲು ಹೋದರು. ಗಡಿಬಿಡಿಯಲ್ಲಿ ಕೈ ತಪ್ಪಿದೆ ಎಂದುಕೊಂಡು ನಾನು ಮಾತಾಡದೆ ಅದನ್ನು ಸರಿಸಿ ಗುಲಾಬಿಯನ್ನು ಅವರ ಕೈಗಿಟ್ಟೆ. ಅವರು ನನ್ನ ಮುಖವನ್ನೇ ತುಂಬ ಹೊತ್ತು ನೋಡಿದರು. ಆಮೇಲೆ ಕ್ಯಾಂಟೀನಿನಿಂದ ನನಗೊಂದು ಬನ್ಸ್ ತರಿಸಿಕೊಟ್ಟರು. ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬನ್ಸ್ ತಿಂದೆ.

ಮೂರನೆಯ ಸುಗಂಧ ದಿನದ ಮೊದಲು ನನ್ನನ್ನು ಬದಿಗೆ ಕರೆದು, "ಈ ಸಲ ಪಟ್ಟಿ ಕಲಸಬೇಡ. ಹಗುರದ್ದು ಮೊದಲು, ಭಾರದ್ದು ಕೊನೆಗೆ. ಮೊದಲನೆಯದು ನಿಂಬೆ, ಐದನೆಯದು ಮಲ್ಲಿಗೆ, ಹತ್ತನೆಯದು ಊದಿನ ಅತ್ತರು. ಕಪಾಟಿನಲ್ಲಿ ಇದ್ದ ಹಾಗೆಯೇ. ಕ್ರಮ ತಪ್ಪಿದರೆ ಮೂಗು ಗಲಿಬಿಲಿ ಆಗ್ತದೆ" ಎಂದರು. ಇದು ಈ ಕೆಲಸದ ಕಟ್ಟುಪಾಡು ಇರಬೇಕು ಎಂದು ಹಾಗೆಯೇ ಇಟ್ಟುಕೊಟ್ಟೆ. ಹತ್ತಕ್ಕೆ ಹತ್ತು. ಅವತ್ತು ಶಾಲು ಬಿಚ್ಚುವಾಗ ಅವರ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಮಾರ್ಚಿನ ಸೆಕೆ ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕ.

ನಾಲ್ಕನೆಯ ವರ್ಷ. ಸುಗಂಧ ದಿನಕ್ಕೆ ಒಂದು ವಾರ ಇರುವಾಗ ಕಂಪೆನಿಯವರು ಮಂಗಳೂರಿನಲ್ಲಿ ತರಬೇತಿ ಇಟ್ಟಿದ್ದಾರೆ, ಅಂಗಡಿಯಿಂದ ಒಬ್ಬರನ್ನು ಕಳಿಸಿ ಎಂದು ಹೇಳಿಕಳಿಸಿದರು. ತರಬೇತಿ ಆದವರಿಗೆ ಸೆಂಟಿನ ಕೌಂಟರು ಸಿಗುವುದು ಖಂಡಿತ. ಧನಿಗಳು ಸೆಂಟಣ್ಣನನ್ನು ಕರೆದು, ಈ ಹುಡುಗಿಯನ್ನು ಕಳಿಸುವುದಾ ಎಂದು ಕೇಳಿದರು. ನಾನು ಮೆಟ್ಟಿಲಿನ ಹಿಂದೆಯೇ ಕ್ಲಿಪ್ಪು ಜೋಡಿಸುತ್ತಿದ್ದೆ.

"ಅವಳು ಈಗ ಬೇಡ ಧನಿ" ಎಂದರು ಸೆಂಟಣ್ಣ. "ಇನ್ನೊಂದು ವರ್ಷ ಹೋಗಲಿ. ಅವಳಿಲ್ಲದಿದ್ದರೆ ನನಗೆ ಕಷ್ಟ ಆಗ್ತದೆ."

ನಾನು ಕೇಳಿಸಿಕೊಂಡದ್ದು ಮೊದಲಿನ ಮಾತನ್ನು ಮಾತ್ರ. ಕೊನೆಯ ಮಾತು ಕಿವಿಗೆ ಬಿದ್ದಿತ್ತು, ಮಂಡೆಗೆ ಹೋಗಲಿಲ್ಲ. ನನ್ನ ಅನ್ನಕ್ಕೆ ಕಲ್ಲು ಹಾಕಿದರು ಎಂದು ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ಒಂದು ವಾರ ಕಳೆದೆ.

ಸುಗಂಧ ದಿನ ಬಂತು. ಪಟ್ಟಿಗಳನ್ನು ನಾನೇ ಹಚ್ಚಿದೆ. ಒಂದರಿಂದ ನಾಲ್ಕು ಕ್ರಮದಲ್ಲೇ ಇಟ್ಟೆ. ಐದನೆಯದಕ್ಕೆ ಮಲ್ಲಿಗೆ ಹಚ್ಚಲಿಲ್ಲ. ಏನೂ ಹಚ್ಚದ ಖಾಲಿ ಕಾಗದವನ್ನೇ ಇಟ್ಟೆ. ಅವರ ಮೂಗು ಹೋಗಿದೆ ಎಂಬ ಸಂಶಯ ನನಗೆ ಇತ್ತೇ? ಇರಲಿಲ್ಲ, ದೇವರಾಣೆ ಇರಲಿಲ್ಲ. ಖಾಲಿ ಕಾಗದ ಮೂಸಿ ಒಂದು ಗಳಿಗೆ ತಬ್ಬಿಬ್ಬಾಗಲಿ, "ಇದೆಂತದು, ಇದರಲ್ಲಿ ಎಂತದ್ದೂ ಇಲ್ಲ" ಎಂದು ನಾಲ್ಕು ಜನರೆದುರು ಪೆದ್ದಾಗಲಿ, ನನ್ನ ಹೊಟ್ಟೆ ತಣ್ಣಗಾಗಲಿ. ಅಷ್ಟೇ ನನ್ನ ಎಣಿಕೆ.

ನಿಂಬೆ ಎಂದರು. ಕಿತ್ತಳೆ ಎಂದರು. ಮೂರು, ನಾಲ್ಕು. ಪ್ರತಿಯೊಂದಕ್ಕೂ ಚಪ್ಪಾಳೆ. ಐದನೆಯದನ್ನು ಕೈಗೆ ಕೊಟ್ಟೆ. ಮೊಣಕೈ ಮೂಸಿಕೊಂಡರು. ಕಾಗದವನ್ನು ಮೂಗಿನ ಕೆಳಗೆ ಆ ಕಡೆಯಿಂದ ಈ ಕಡೆ ನಿಧಾನವಾಗಿ ಸವರಿದರು. ಮುಖದಲ್ಲಿ ನಗು ಬಂತು.

"ಮಲ್ಲಿಗೆ" ಎಂದರು. "ನಮ್ಮ ಶಂಕರಪುರದ್ದು. ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಕೊಯ್ದದ್ದು."

ಜನ ಚಪ್ಪಾಳೆ ಹೊಡೆದರು. ಅಲ್ಲಿಗೇ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನನ್ನ ಬಾಯಿ ಸುಮ್ಮನಿರಲಿಲ್ಲ. "ಸೆಂಟಣ್ಣ, ಅದು ಖಾಲಿ ಕಾಗದ" ಎಂದೆ, ಎಲ್ಲರಿಗೂ ಕೇಳುವ ಹಾಗೆ. ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಪಟ್ಟಿಯನ್ನು ಕಿತ್ತುಕೊಂಡು ಮೂಸಿ, ಹೌದು, ಏನೂ ಇಲ್ಲ ಎಂದಳು. ಪಟ್ಟಿ ಕೈಯಿಂದ ಕೈಗೆ ಹೋಯಿತು. ಮೂಸಿದವರೆಲ್ಲ ನಕ್ಕರು. ಧನಿಗಳು ನಗಲಿಲ್ಲ.

ಸೆಂಟಣ್ಣ ತಾವೇ ಶಾಲು ಬಿಚ್ಚಿದರು. ಜನರ ಕಡೆ ನೋಡಲಿಲ್ಲ, ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನಂಬಿದ ಮನೆಯ ಬಾಗಿಲು ಒಳಗಿನಿಂದ ಹಾಕಿದಾಗ ನೋಡುವ ಹಾಗೆ ನೋಡಿದರು. ನನಗದು ಅರ್ಥವಾಗಲಿಲ್ಲ. ಸರಿಯಾಗಿ ಮೂಸದೆ ರೂಢಿಯ ಮೇಲೆ ಹೇಳಿ ಸಿಕ್ಕಿಬಿದ್ದರು ಎಂದಷ್ಟೇ ತಿಳಿದೆ. ಮತ್ತೆ ಎಲ್ಲರ ಜೊತೆ ತಾವೂ ನಕ್ಕು, "ಮೂಗಿಗೂ ವಯಸ್ಸಾಯ್ತು ನೋಡಿ. ಉಳಿದದ್ದನ್ನು ಇವಳೇ ಹೇಳಲಿ" ಎಂದು ಶಾಲನ್ನು ನನ್ನ ಕೈಗೆ ಕೊಟ್ಟರು. ಕಣ್ಣು ಕಟ್ಟಿಸಿಕೊಂಡೆ. ಬೇರೆಯವರು ಕಲಸಿ ಕೊಟ್ಟ ಐದೂ ಪಟ್ಟಿಗಳನ್ನು ಸರಿಯಾಗಿ ಹೇಳಿದೆ. ನನಗೆ ಇಷ್ಟೆಲ್ಲ ಯಾವಾಗ ಬಂತು, ಯಾರು ಕಲಿಸಿದರು ಎಂದು ಆ ಕ್ಷಣಕ್ಕೆ ಯೋಚಿಸಲೂ ಇಲ್ಲ. ಒಂದೂವರೆ ವರ್ಷ ದಿನಾ ಪ್ರಶ್ನೆ ಕೇಳಿ ಕೇಳಿ ಅವರು ನನ್ನ ಮೂಗು ತೆರೆಸಿದ್ದರು. ಚಪ್ಪಾಳೆ ನನಗೆ ಬಿತ್ತು.

ಮರುದಿನದಿಂದ ಅವರನ್ನು ಮೇಲಿನ ಮಾಳಿಗೆಯ ಕೊಡೆ, ಚೀಲಗಳ ಕಡೆ ಹಾಕಿದರು. ಅವರೇ ಕೇಳಿಕೊಂಡರು ಎಂದು ಧನಿಗಳು ಹೇಳಿದರು. ಕತ್ತರಿಯನ್ನೂ ಮದುವೆ ಕಾಗದಗಳ ಕಟ್ಟನ್ನೂ ನನ್ನ ಕಡೆ ಸರಿಸುತ್ತಾ ಸೆಂಟಣ್ಣ ಹೇಳಿದ್ದು ಒಂದೇ ಮಾತು. "ಕ್ರಮ ತಪ್ಪಿಸಬೇಡ ಮಾರಾಯ್ತಿ." ನಾನು ತರಬೇತಿಗೆ ಹೋಗಿ ಬಂದೆ. ನಾನು ಬರುವಷ್ಟರಲ್ಲಿ ಅವರು ಕೆಲಸ ಬಿಟ್ಟಿದ್ದರು.

ಎರಡೋ ಮೂರೋ ವರ್ಷದ ನಂತರ ಒಮ್ಮೆ ಕಾಪುವಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ನನಗೆ ಮದುವೆಯಾಗಿತ್ತು, ಗಂಡ ಜೊತೆಗಿದ್ದರು. ಸೆಂಟಣ್ಣ ಅಲ್ಲೇ ಹತ್ತಿರ ಹಾರ್ಡ್‌ವೇರ್ ಅಂಗಡಿಯಲ್ಲಿ ಇದ್ದರಂತೆ. "ಮೊಳೆಗೆ, ಸ್ಕ್ರೂವಿಗೆ ವಾಸನೆ ಇಲ್ಲ ನೋಡು. ಆರಾಮ" ಎಂದು ನಕ್ಕರು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅವತ್ತಿನ ನಗೆಚಾಟಿಕೆಗೆ ಕ್ಷಮೆ ಕೇಳಿದರೆ ಸಾಕು ಎಂದುಕೊಂಡಿದ್ದೆ. ಉಡುಪಿಯ ಬಸ್ಸು ಬಂತು, ಕಂಡಕ್ಟರ್ ಕೂಗಿದ, ಗಂಡ ಕೈ ಹಿಡಿದು ಎಳೆದರು. ಹತ್ತಿಬಿಟ್ಟೆ. ಹತ್ತು ನಿಮಿಷಕ್ಕೊಂದು ಬಸ್ಸಿರುವ ಊರು ಅದು. ಇನ್ನೊಂದಕ್ಕೆ ಹೋಗಬಹುದಿತ್ತು.

ಏಜೆಂಟ ಸುದ್ದಿ ಹೇಳಿದ ಆ ವಾರವೇ ಕೆಮ್ಮಣ್ಣು ಪೇಟೆ ದಾಟಿ ಅವರ ಊರು ಹೂಡೆಗೆ ಹೋದೆ. ಅವರ ಹೆಂಡತಿ ಆಗತಾನೆ ಮೀನು ಮಾರಿ ಬಂದು ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದರು. ಅದಕ್ಕೂ ಮೊದಲು ನಾನು ಅವರನ್ನು ನೋಡಿರಲಿಲ್ಲ. ಹೆಸರು ಹೇಳುವ ಮೊದಲೇ, "ನೀವು ಅಂಗಡಿಯ ಆ ಕಾರ್ಕಳದ ಹುಡುಗಿ ಅಲ್ವಾ? ಬನ್ನಿ, ಕುಳಿತುಕೊಳ್ಳಿ" ಎಂದು ಒಳಗೆ ಕರೆದರು. ಚಾ ಕೊಟ್ಟರು.

"ಬಿದ್ದು ಮೂಗು ಹೋದ ಮೇಲೆ ಅವರು ಮತ್ತೆ ಮೊದಲಿನ ಹಾಗೆ ಆಗಲೇ ಇಲ್ಲ" ಎಂದರು, ನನಗೆ ತಿಳಿದದ್ದನ್ನೇ ಹೇಳುವವರ ಹಾಗೆ. "ತಿಂದದ್ದು ಉಪ್ಪಾ, ಖಾರವಾ, ಅಷ್ಟೇ ಗೊತ್ತಾಗುವುದು. ಬಂಗುಡೆಯೂ ಒಂದೇ, ಬದನೆಯೂ ಒಂದೇ. ಬಂದರೂ ಬಂದೀತು, ಕಾಯಬೇಕು ಅಂದಿದ್ದರು ಡಾಕ್ಟ್ರು."

 ಬುತ್ತಿ, ಬನ್ಸ್, ಬೆವರಿದ ಬೆನ್ನು, ಅವಳಿಲ್ಲದಿದ್ದರೆ ನನಗೆ ಕಷ್ಟ ಎಂಬ ಮಾತು, ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕುಳಿತವು.

ಆಕೆ ದೇವರ ಪಟದ ಹಿಂದಿನಿಂದ ಸಣ್ಣ ಕುಪ್ಪಿಯೊಂದನ್ನು ತೆಗೆದರು. ಮೊದಲ ಸುಗಂಧ ದಿನದ ಮಲ್ಲಿಗೆ ಅತ್ತರು. "ಮೀನಿನವಳಿಗೆ ಸೆಂಟು ಯಾಕೆ ಅಂತ ನಾನು ಹಚ್ಚಲೇ ಇಲ್ಲ. ಬಿದ್ದ ಮೇಲೆ ಅವರು ದಿನಾ ಬೆಳಿಗ್ಗೆ ಎದ್ದು ಇದನ್ನು ಮೂಸುವುದು, ಇವತ್ತೂ ಇಲ್ಲ ಅನ್ನುವುದು, ಮುಚ್ಚಿ ಇಡುವುದು. ಒಂದು ದಿನ ತಪ್ಪಿಸಲಿಲ್ಲ. ಮತ್ತೆ ಒಂದು ಸಲ ನಿಮ್ಮ ಸೆಂಟಿನ ದಿನ ಮುಗಿಸಿ ಬಂದರಲ್ಲ, ಮರುದಿನದಿಂದ ಮುಟ್ಟಲಿಲ್ಲ. ಎಂತ ಆಯ್ತು ಅಂತ ಕೇಳಿದೆ. ನಿಂತು ನಿಂತು ಕಾಲು ನೋವು ಅಂದರು."

ನಾನು ಕುಪ್ಪಿ ತೆರೆದೆ. ಮಲ್ಲಿಗೆ ಇತ್ತು. ಇಷ್ಟು ವರ್ಷವಾದರೂ ಸ್ವಲ್ಪವೂ ಹೋಗಿರಲಿಲ್ಲ.

"ಬರ್ತದಾ?" ಎಂದು ಕೇಳಿದರು.

"ಬರ್ತದೆ ಅಕ್ಕ."

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಧನಿಗಳಿಗೆ ಗೊತ್ತಾದರೆ, ಊರಿಗೆ ಗೊತ್ತಾದರೆ, ಅದೊಂದೇ ಹೆದರಿಕೆ ಇದ್ದದ್ದು ಅವರಿಗೆ. ಬೋಟಿಗೂ ಆಗದವ, ಅಂಗಡಿಗೂ ಆಗದವ ಅಂತ ನಗ್ತಾರೆ ಅಂತ. ಒಬ್ಬಳಿಗೆ ಮಾತ್ರ ಗೊತ್ತುಂಟು ಅಂತಿದ್ದರು. 'ಆ ಹುಡುಗಿಗೆ ಎಲ್ಲ ಗೊತ್ತುಂಟು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರ್ತಾಳೆ. ತಪ್ಪು ಕುಪ್ಪಿ ಹಿಡಿದರೆ ಮಾತಾಡದೆ ಸರಿಸಿ ಇಡ್ತಾಳೆ, ಕ್ರಮದಲ್ಲಿ ಕಾಗದ ಕೊಡ್ತಾಳೆ. ಅವಳ ಮೂಗಿನಿಂದ ನಮ್ಮ ಮನೆ ನಡೀತಾ ಉಂಟು' ಅಂತ. ನೀವು ಕೊನೆವರೆಗೆ ಯಾರ ಹತ್ತಿರವೂ ಹೇಳಲಿಲ್ಲ ಅಲ್ವಾ?"

ಹಾಗಾದರೆ ಆ ಐದನೆಯ ಕಾಗದವನ್ನು ನಾನು ಎಲ್ಲ ತಿಳಿದೇ ಕೊಟ್ಟೆ ಎಂದು ಅವರು ನಂಬಿದ್ದರು. ಕಾಪುವಿನಲ್ಲಿ ನಕ್ಕಾಗಲೂ ಅದನ್ನೇ ನಂಬಿದ್ದರು. ಸಾಯುವವರೆಗೂ ನಂಬಿದ್ದರು, ಆದರೂ ಹೆಂಡತಿಯ ಹತ್ತಿರ ನನ್ನ ಮೇಲೆ ಒಂದು ದೂರು ಹೇಳಿರಲಿಲ್ಲ. ನನಗೆ ಗೊತ್ತಿರಲಿಲ್ಲ ಎಂಬ ಒಂದು ಮಾತನ್ನು ನಾನು ಹೇಳಬೇಕಾದದ್ದು ಅವರಿಗೆ. ಅವರೇ ಇಲ್ಲ.

"ಇಲ್ಲ ಅಕ್ಕ" ಎಂದೆ. "ಯಾರಿಗೂ ಹೇಳಲಿಲ್ಲ."

"ನನಗೆ ಗೊತ್ತಿತ್ತು" ಎಂದು ಆಕೆ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ಆ ಕೈಗಳಲ್ಲಿ ಅವತ್ತಿನದೇ ಬಂಗುಡೆಯ ವಾಸನೆ ಇತ್ತು, ಹೊಸ ಐಸಿನದ್ದು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಬಾಯಿಯನ್ನೂ ಬಿಡಲಿಲ್ಲ.